ಹಸುಗೂಸಿಗೆ ದೊಡ್ಡಪತ್ರೆ ರಸ ಬೇಡ

ಪ್ರಶ್ನೆ: ಎಂಟು ತಿಂಗಳ ಮಗುವಿಗೆ ನೆಗಡಿ, ಕೆಮ್ಮು. ಬಾಲ್ಕನಿಯ ಕುಂಡದಲ್ಲಿ ಬೆಳೆಸಿದ ದೊಡ್ಡಪತ್ರೆಯ ರಸಕ್ಕೆ ಜೇನು ಬೆರೆಸಿ ಕುಡಿಸು ಎನ್ನುತ್ತಾರೆ ಅತ್ತೆ. ಕೊಡಬಹುದೇ ಡಾಕ್ಟರೇ?

ಉತ್ತರ: ಬೇಡಮ್ಮ, ಈಗ ಎರಡೂ ಬೇಡ. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೂ ಬಾರದು. ಅದರಲ್ಲಿರಬಹುದಾದ ಬಾಟುಲಿನಮ್ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಗರುಳಿನಲ್ಲಿ ಮೊಳೆತು ವಿಷ ಉಂಟುಮಾಡಿ ಸ್ನಾಯುಗಳ ಶಕ್ತಿಯನ್ನೇ ಉಡುಗಿಸಬಲ್ಲವು. ಜೇನನ್ನು ಬಿಸಿ ಮಾಡಿದರೂ ಅವು ಸಾಯುವುದಿಲ್ಲ. ಇನ್ನು ಹಸಿ ರಸದ ಘಾಟಿಗೆ ಕೂಸು ಕಕ್ಕಿಕೊಂಡು ನೆತ್ತಿಗೇರಿಸಿಕೊಳ್ಳಬಹುದು. ‘ನಿನ್ನ ಗಂಡನಿಗೂ ಇದನ್ನೇ ಕೊಟ್ಟಿದ್ದೆ, ವಾಸಿಯಾಯಿತಲ್ಲ’ ಎಂದು ಅತ್ತೆ ಕೇಳಬಹುದು. ವಾಸಿಯಾಗಿರುತ್ತದೆ, ನಿಜ. ಆದರೆ ವೈರಸ್ಸಿನ ನೆಗಡಿ ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಅದರ ಶ್ರೇಯ ಎಲೆಗೆ ಸಂದಿರುತ್ತದೆ, ಅಷ್ಟೆ. ಎದೆಹಾಲನ್ನು ಹೆಚ್ಚು ಸಲ ಕುಡಿಸಿ, ಮೂಗು ಕಟ್ಟಿದರೆ ಸಲೈನ್ ಹನಿ ಹಾಕಿ. ಮಗು ಅಳದೆ ಮಲಗಿರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಪಕ್ಕೆ ಒಳಸೇದುತ್ತಿದ್ದರೆ, ಹಾಲು ಬಿಟ್ಟರೆ ತಡಮಾಡದೆ ಮಕ್ಕಳ ವೈದ್ಯರಲ್ಲಿಗೆ ಒಯ್ಯಿರಿ.

ಗಿಡವನ್ನೇನೂ ಕೀಳಬೇಡಿ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ, ಇಲ್ಲದಿದ್ದರೆ ಕಾಂಡ ಕೊಳೆಯುತ್ತದೆ. ನಾಲ್ಕೆಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆ ಬೆರೆಸಿದರೆ ದೊಡ್ಡವರ ಊಟಕ್ಕೆ ಒಳ್ಳೆಯ ತಂಬುಳಿ.