ಬ್ಯಾಕಪ್‌ಗಾಗಿ ಬರೆದಿಟ್ಟ ಪಾಸ್‌ವರ್ಡ್

ಕಂಪೆನಿಗಳ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ತಂದ ತಿದ್ದುಪಡಿಯ ಮೇರೆಗೆ, ಗಣಕಯಂತ್ರದಲ್ಲಿ ಲೆಕ್ಕಪುಸ್ತಕಗಳನ್ನಿಡುವ ಕಂಪೆನಿಗಳು ಅವುಗಳ ಬ್ಯಾಕಪ್ ಪ್ರತಿಯನ್ನು ಭಾರತದೊಳಗಿನ ಸರ್ವರ್‌ನಲ್ಲಿ ದಿನನಿತ್ಯ ಇರಿಸತಕ್ಕದ್ದು. ಮೊದಲು ನಿಯತಕಾಲಿಕವಾಗಿ ಇರಿಸಿದರೆ ಸಾಕಿತ್ತು. ಪಾಲುದಾರಿಕೆ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದು. ಚಿಕ್ಕ ಪ್ರೈವೇಟ್ ಲಿಮಿಟೆಡ್ ಕಂಪೆನಿಗೆ ಮಾತ್ರ ವಿನಾಯಿತಿಯಿಲ್ಲ.

ಪ್ರತಿ ರಾತ್ರಿ ಗುಮಾಸ್ತರೊಬ್ಬರು ಕುಳಿತು ಪಾಸ್‌ವರ್ಡ್ ಒತ್ತಿ ಕಡತ ಕಳುಹಿಸುವುದು ನಡೆಯುವ ಮಾತಲ್ಲ. ಆದ್ದರಿಂದ ನಿಗದಿತ ವೇಳೆಗೆ ಗಣಕಯಂತ್ರವೇ ಸರ್ವರ್‌ಗೆ ಪ್ರವೇಶಿಸುವಂತೆ ಏರ್ಪಾಡು ಮಾಡುತ್ತಾರೆ. ತೊಡಕಿರುವುದು ಈ ಏರ್ಪಾಡಿನಲ್ಲೇ.

ನಾನು ಲೆಕ್ಕ ತಪಾಸಣೆ ಮಾಡುವ ಒಂದು ಚಿಕ್ಕ ಕಾರ್ಖಾನೆಯಲ್ಲಿ ಬ್ಯಾಕಪ್ ತಪ್ಪದೆ ನಡೆಯುತ್ತಿತ್ತು. ಅದನ್ನು ನಡೆಸುವ ಬ್ಯಾಚ್ ಕಡತವನ್ನು ತೆರೆಸಿದಾಗ ಸರ್ವರ್‌ನ ವಿಳಾಸ, ಬಳಕೆದಾರನ ಹೆಸರು, ಪಾಸ್‌ವರ್ಡ್ ಮೂರೂ ಸ್ಪಷ್ಟ ಅಕ್ಷರಗಳಲ್ಲಿದ್ದವು. ಬರೆದವರು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಪಾಸ್‌ವರ್ಡ್ ಬದಲಿಸಲಿಲ್ಲವೇಕೆ ಎಂದು ಕೇಳಿದೆ. "ಬದಲಿಸಿದರೆ ಬ್ಯಾಕಪ್ ನಿಂತುಹೋಗುತ್ತದೆ ಸರ್" ಎಂಬ ಉತ್ತರ ಬಂತು. ಅಂದರೆ ಗಿರಾಕಿಗಳ ಪಟ್ಟಿ, ಖರೀದಿ ದರ, ಬಾಕಿ ವಸೂಲಿಯ ವಿವರ ಎಲ್ಲವೂ ಆ ಮಾಜಿ ನೌಕರರಿಗೆ ಮನೆಯಿಂದಲೇ ಲಭ್ಯ. ಅಳಿಸುವ ಅಧಿಕಾರವೂ ಸಹ. ಅವರು ಸಜ್ಜನರು, ಏನೂ ಆಗಲಿಲ್ಲ. ಆದರೆ ನೌಕರರ ಸಜ್ಜನಿಕೆಯನ್ನು ಆಂತರಿಕ ನಿಯಂತ್ರಣವೆಂದು ವರದಿಯಲ್ಲಿ ಬರೆಯಲಾಗದು.

ಎಸ್‌ಎಸ್‌ಎಚ್ ಎಂಬ ಸಂಪರ್ಕ ವಿಧಾನವನ್ನು 1995ರಲ್ಲಿ ಫಿನ್ಲೆಂಡಿನ ತಾತು ಯುಲೊನೆನ್ ರೂಪಿಸಿದ್ದು, ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳನ್ನು ಯಾರೋ ಕದ್ದು ಸಂಗ್ರಹಿಸಿದ ಬಳಿಕ. ಕಡತ ಸಾಗಿಸುವ ಎಸ್‌ಎಫ್‌ಟಿಪಿ ಇದರ ಮೇಲೆಯೇ ನಡೆಯುತ್ತದೆ. ದಾರಿಯಲ್ಲಿ ಕಳ್ಳತನವಾಗದಂತೆ ಮಾಡಿದ ಈ ವ್ಯವಸ್ಥೆಯಲ್ಲಿ ಪಾಸ್‌ವರ್ಡನ್ನು ಮನುಷ್ಯನೇ ಒತ್ತಬೇಕೆಂಬುದು ಉದ್ದೇಶಪೂರ್ವಕ. ಅದನ್ನು ದಾಟಲು ಎಸ್‌ಎಸ್‌ಎಚ್‌ಪಾಸ್, ಎಕ್ಸ್‌ಪೆಕ್ಟ್ ಮುಂತಾದ ಉಪಕರಣಗಳಿವೆ. ಆಜ್ಞೆಯ ಸಾಲಿನಲ್ಲೇ ಪಾಸ್‌ವರ್ಡ್ ಕೊಡುವುದು ತನ್ನ ಆಯ್ಕೆಗಳಲ್ಲೆಲ್ಲ ಅತಿ ಕಡಿಮೆ ಸುರಕ್ಷಿತವೆಂದು ಎಸ್‌ಎಸ್‌ಎಚ್‌ಪಾಸ್‌ನ ಕೈಪಿಡಿಯೇ ಹೇಳುತ್ತದೆ.

ಸರಿಯಾದ ಮಾರ್ಗವೆಂದರೆ ಕೀಲಿಕೈ ಜೋಡಿ. ಎಸ್‌ಎಸ್‌ಎಚ್-ಕೀಜೆನ್ ಎಂಬ ಆಜ್ಞೆಯಿಂದ ಎರಡು ಕಡತಗಳು ಹುಟ್ಟುತ್ತವೆ. ಸಾರ್ವಜನಿಕ ಕೀಲಿಯನ್ನು ಸರ್ವರ್‌ನಲ್ಲಿ ಒಂದು ಸಾಲಾಗಿ ಸೇರಿಸುತ್ತಾರೆ. ಖಾಸಗಿ ಕೀಲಿ ನಮ್ಮ ಯಂತ್ರದಲ್ಲೇ ಉಳಿಯುತ್ತದೆ. ಪ್ರವೇಶದ ವೇಳೆ ಅದರಿಂದ ಮಾಡಿದ ಡಿಜಿಟಲ್ ಸಹಿ ಮಾತ್ರ ಹೊರಹೋಗುತ್ತದೆ. ವಿವರಣಪತ್ರ ಸಲ್ಲಿಸಲು ನಾವು ಬಳಸುವ ಡಿಎಸ್‌ಸಿ ಟೋಕನ್ನಿನ ತತ್ತ್ವವೂ ಇದೇ. 2018ರಿಂದ ವಿಂಡೋಸ್ 10ರಲ್ಲಿ ಈ ಸೌಲಭ್ಯ ಅಂತರ್ಗತವಾಗಿದ್ದು, ಪ್ರತ್ಯೇಕ ವೆಚ್ಚವಿಲ್ಲ.

ಒಂದು ಆಕ್ಷೇಪ ನ್ಯಾಯವಾದದ್ದು. ರಾತ್ರಿ ತಾನಾಗಿ ನಡೆಯುವ ಕೆಲಸದ ಖಾಸಗಿ ಕೀಲಿಗೆ ಸಾಮಾನ್ಯವಾಗಿ ರಹಸ್ಯಪದ ಇಡುವುದಿಲ್ಲ. ಹಾಗಾದರೆ ಆ ಕಡತವನ್ನು ನಕಲು ಮಾಡಿಕೊಂಡವರೂ ಒಳಹೋಗಬಹುದಲ್ಲವೇ? ಹೋಗಬಹುದು. ಆದುದರಿಂದಲೇ ಆ ಕೀಲಿಯ ಅಧಿಕಾರವನ್ನು ಸರ್ವರ್‌ನಲ್ಲಿ ಕುಗ್ಗಿಸಬೇಕು: ಬ್ಯಾಕಪ್‌ಗೆಂದೇ ಬೇರೆ ಬಳಕೆದಾರ, ಕಡತ ಸಾಗಣೆಗೆ ಮಾತ್ರ ಅನುಮತಿ, ಕಚೇರಿಗೆ ಸ್ಥಿರ ಐಪಿ ವಿಳಾಸವಿದ್ದರೆ ಅಲ್ಲಿಂದಷ್ಟೇ ಪ್ರವೇಶ. ಹಿಂದಿನ ದಿನಗಳ ಪ್ರತಿಗಳನ್ನು ಈ ಬಳಕೆದಾರನ ಕೈಗೆ ಸಿಗದಂತೆ ಸರ್ವರ್ ತಾನೇ ಬೇರೆಡೆ ತೆಗೆದಿರಿಸಬೇಕು. ಇಲ್ಲವಾದರೆ ಕಚೇರಿಯ ಯಂತ್ರಕ್ಕೆ ರ‍್ಯಾನ್ಸಮ್‌ವೇರ್ ತಗುಲಿದ ದಿನ ಬ್ಯಾಕಪ್ ಕೂಡ ಹೋದೀತು.

ಮೊದಲ ಸಂಪರ್ಕದಲ್ಲಿ ಸರ್ವರ್‌ನ ಬೆರಳಚ್ಚು ತೋರಿಸಿ ಒಪ್ಪಿಗೆ ಕೇಳುವುದುಂಟು. ಸೇವೆ ಒದಗಿಸುವವರಿಂದ ದೂರವಾಣಿಯಲ್ಲಿ ಕೇಳಿ ತಾಳೆ ನೋಡಿದ ಮೇಲೆಯೇ ಒಪ್ಪತಕ್ಕದ್ದು. ಈ ಪ್ರಶ್ನೆಯೇ ಬಾರದಂತೆ ಮಾಡುವ ತಂತ್ರಜ್ಞರಿದ್ದಾರೆ. ಆಗ ಲೆಕ್ಕಪತ್ರ ಯಾರ ಸರ್ವರ್ ಸೇರುತ್ತಿದೆ ಎಂಬ ಖಾತ್ರಿಯೇ ಇರದು.

ಬ್ಯಾಂಕಿಗೆ ಪಾವತಿ ಕಡತಗಳನ್ನು ಇದೇ ಮಾರ್ಗದಲ್ಲಿ ಕಳುಹಿಸುವ ಸದಸ್ಯರು, ಪಾವತಿಯ ಮಂಜೂರಾತಿಯನ್ನು ಬೇರೊಬ್ಬರ ಕೈಯಲ್ಲೇ ಉಳಿಸಿಕೊಳ್ಳಬೇಕು. ಹಿಂದಿನ ಅಂಗಡಿಗಳಲ್ಲಿ ತಿಜೋರಿಗೆ ಎರಡು ಕೀಲಿ ಇಡುತ್ತಿದ್ದುದು ಇದಕ್ಕಾಗಿಯೇ.

ಮೇಲೆ ಹೇಳಿದ ಕಾರ್ಖಾನೆಯಲ್ಲಿ ಈ ಬದಲಾವಣೆ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಯಾವ ಕೀಲಿ ಯಾವ ಯಂತ್ರದಲ್ಲಿದೆ, ಯಾರ ಹೊಣೆ, ಎಂದು ತೆಗೆದುಹಾಕಲಾಯಿತು ಎಂಬುದಕ್ಕೆ ಅವರು ಈಗ ಒಂದು ವಹಿ ಇಟ್ಟಿದ್ದಾರೆ. ನೌಕರರು ಬಿಟ್ಟುಹೋದಾಗ ಸರ್ವರ್‌ನಲ್ಲಿ ಅವರ ಕೀಲಿಯ ಸಾಲನ್ನು ಅಳಿಸಿ, ವಹಿಯಲ್ಲಿ ದಿನಾಂಕ ಬರೆದು ಮಾಲೀಕರು ಸಹಿ ಮಾಡುತ್ತಾರೆ. ರಾತ್ರಿಯ ಬ್ಯಾಕಪ್ ನಿಲ್ಲುವುದಿಲ್ಲ.