ದಾನಪತ್ರವನ್ನು ಓದುವ ಬಗೆ

ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಶಾಸನಶಿಲೆಯೊಂದು ಉಂಟು. ಆತನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1510ರಲ್ಲಿ, ಹಾಕಿಸಿದ ಶಾಸನವದು. ರಾಜನ ವಂಶವನ್ನೂ ಕೀರ್ತಿಯನ್ನೂ ಕೊಂಡಾಡುವ ಶ್ಲೋಕಗಳು ಅದರಲ್ಲಿ ಸಾಲುಗಟ್ಟಿವೆ. ಆದರೆ ಶಾಸನದ ತಿರುಳಿರುವುದು ಅಲ್ಲಿಯಲ್ಲ; ವಿರೂಪಾಕ್ಷನಿಗೆ ಸಿಂಗನಾಯಕನಹಳ್ಳಿಯನ್ನು ಬಿಟ್ಟುಕೊಟ್ಟ ಸಂಗತಿಯನ್ನು ಹೇಳುವ ಸಾಲುಗಳಲ್ಲಿ. ನಮ್ಮ ನಾಡಿನ ದಾನಶಾಸನಗಳ ಕ್ರಮವೇ ಹೀಗೆ. ಮೊದಲು ಪ್ರಶಸ್ತಿ, ಆಮೇಲೆ ವ್ಯವಹಾರ. ಕೊಟ್ಟದ್ದೇನು, ಯಾರಿಗೆ, ಅದರ ನಾಲ್ಕು ದಿಕ್ಕಿನ ಎಲ್ಲೆಗಳೆಲ್ಲಿ, ಎಷ್ಟು ಕಾಲ ನಡೆಯಬೇಕು ಎಂಬುದನ್ನು ಕಲ್ಲಿನಲ್ಲಿ ಕಂಡರಿಸದೆ ಹಿಂದಿನವರು ದಾನವನ್ನು ದಾನವೆನ್ನುತ್ತಿರಲಿಲ್ಲ. ಕೊಡುವುದಕ್ಕಿಂತಲೂ ಕೊಟ್ಟದ್ದನ್ನು ಕಾಪಾಡುವುದೇ ಮಿಗಿಲೆಂಬ ಅರ್ಥದ ಮಾತು ಎಷ್ಟೋ ಶಾಸನಗಳ ಕೊನೆಯಲ್ಲಿ ಬರುತ್ತದೆ.

ಈಗ ಪಿಯುಸಿ ಫಲಿತಾಂಶ ಪ್ರಕಟವಾದ ವಾರದೊಳಗೆ ಹೊಸಪೇಟೆ, ಸಂಡೂರು, ಕಂಪ್ಲಿಗಳ ಮನೆಮನೆಗೂ ಬೇರೊಂದು ಬಗೆಯ ದಾನಪತ್ರಗಳು ಬರತೊಡಗುತ್ತವೆ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳು ಕಳುಹಿಸುವ ಪತ್ರಗಳವು. ನಿಮ್ಮ ಪ್ರತಿಭೆಯನ್ನು ಮೆಚ್ಚಿ ಬೋಧನಾ ಶುಲ್ಕದಲ್ಲಿ ಅರ್ಧದಷ್ಟನ್ನು ವಿದ್ಯಾರ್ಥಿವೇತನವಾಗಿ ಕೊಡುತ್ತೇವೆ, ಇಂಥ ತಾರೀಖಿನೊಳಗೆ ಮುಂಗಡ ಕಟ್ಟಿರಿ ಎಂಬುದು ಅವುಗಳ ಸಾರಾಂಶ. ಪ್ರಶಸ್ತಿಯ ಭಾಗ ಇಲ್ಲಿಯೂ ದೊಡ್ಡ ಅಕ್ಷರಗಳಲ್ಲಿಯೇ ಇರುತ್ತದೆ. ಎಲ್ಲೆಯನ್ನೂ ಅವಧಿಯನ್ನೂ ಹೇಳುವ ಭಾಗ ಮಾತ್ರ ಪುಟದ ಅಡಿಯಲ್ಲಿ ಸಾಸಿವೆಕಾಳಿನಷ್ಟು ಸಣ್ಣದಾಗಿರುತ್ತದೆ.

ಇಂಥ ಪತ್ರಗಳು ಹುಟ್ಟಿದ ಬಗೆಯನ್ನು ತಿಳಿಯಬೇಕಾದರೆ ಕರ್ನಾಟಕದ ಉನ್ನತ ಶಿಕ್ಷಣದ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಮಣಿಪಾಲದಲ್ಲಿ 1953ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ನಮ್ಮ ರಾಜ್ಯ ಖಾಸಗಿ ವೃತ್ತಿಶಿಕ್ಷಣಕ್ಕೆ ಹೆಸರಾಯಿತು. ಅದರ ಜೊತೆಗೇ ವಂತಿಗೆಯ ಪಿಡುಗೂ ಬೆಳೆಯಿತು. ಅದನ್ನು ತಡೆಯಲು 1984ರಲ್ಲಿ ಶಾಸನ ಬಂದಿತು. 1992ರ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ವಂತಿಗೆಯನ್ನು ಕಟುವಾಗಿ ಖಂಡಿಸಿತು. ಆ ದಶಕದಲ್ಲಿಯೇ ಸಾಮಾನ್ಯ ಪ್ರವೇಶ ಪರೀಕ್ಷೆ, ಎಂದರೆ ಸಿಇಟಿ, ಜಾರಿಗೆ ಬಂದು ಬಡವರ ಮಕ್ಕಳಿಗೂ ಅಂಕದ ಬಲದಿಂದ ಬಾಗಿಲು ತೆರೆಯಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯ ತೀರ್ಪು, ಖಾಸಗಿ ಸಂಸ್ಥೆಗಳು ತಮ್ಮ ಶುಲ್ಕವನ್ನು ತಾವೇ ಗೊತ್ತುಪಡಿಸಿಕೊಳ್ಳಬಹುದು, ಆದರೆ ಲಾಭಕೋರತನ ಕೂಡದು ಎಂದು ಹೇಳಿತು. 2010ರಿಂದ ಈಚೆಗೆ ವಿಧಾನಮಂಡಲದ ಕಾಯಿದೆಗಳ ಮೂಲಕ ಖಾಸಗಿ ವಿಶ್ವವಿದ್ಯಾಲಯಗಳು ಒಂದರ ಹಿಂದೊಂದು ಸ್ಥಾಪಿತವಾದವು.

ಸಂಸ್ಥೆಗಳು ಹೆಚ್ಚಿದಂತೆ ಒಳ್ಳೆಯ ಅಂಕ ಪಡೆದ ವಿದ್ಯಾರ್ಥಿಗಳಿಗಾಗಿ ಪೈಪೋಟಿಯೂ ಹೆಚ್ಚಿತು. ಜಾಣ ವಿದ್ಯಾರ್ಥಿ ಬಂದರೆ ತರಗತಿಯ ಮಟ್ಟ ಏರುತ್ತದೆ, ಸಂಸ್ಥೆಯ ಹೆಸರು ಬೆಳೆಯುತ್ತದೆ, ಖಾಲಿ ಉಳಿಯಬಹುದಾಗಿದ್ದ ಸೀಟೂ ತುಂಬುತ್ತದೆ. ಆದುದರಿಂದ ಪ್ರತಿಭಾ ವಿದ್ಯಾರ್ಥಿವೇತನ ಎಂಬುದು ಬಹುಮಟ್ಟಿಗೆ ಕೈಗೆ ಬರುವ ಹಣವಲ್ಲ. ಸಂಸ್ಥೆ ತಾನೇ ಗೊತ್ತುಮಾಡಿದ ಬೆಲೆಯಲ್ಲಿ ತಾನೇ ಬಿಡುವ ರಿಯಾಯಿತಿ. ಇದರಲ್ಲಿ ಪಾಪವೇನೂ ಇಲ್ಲ. ಆದರೆ ದೀಪಾವಳಿಯಲ್ಲಿ ಬಟ್ಟೆಯಂಗಡಿಗೆ ಹೋದವರು ಎಷ್ಟು ಬಿಟ್ಟರೆಂದು ಹಿಗ್ಗಿದರೆ ಸಾಲದು, ಎಷ್ಟು ಕೊಟ್ಟೆವೆಂಬುದನ್ನೂ ನೋಡಬೇಕಷ್ಟೆ. ಎಲ್ಲರೂ ಇದೇ ದಾರಿಯಲ್ಲಿದ್ದಾರೆಂದೂ ಹೇಳಲಾಗದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಪ್ರವೇಶ ಪಡೆದ ವಿದ್ಯಾರ್ಥಿಯ ಕುಟುಂಬದ ಆದಾಯವನ್ನು ನೋಡಿ ನೆರವು ಕೊಡುತ್ತದೆ. ಅರ್ಹತೆಗೆ ಕೊಡುವುದು ಬೇರೆ, ಅಗತ್ಯಕ್ಕೆ ಕೊಡುವುದು ಬೇರೆ. ಎರಡನೆಯದು ಅಂಕ ಸ್ವಲ್ಪ ಕುಸಿದ ಮಾತ್ರಕ್ಕೆ ಮಾಯವಾಗಲು ಕಾರಣವಿಲ್ಲ.

ಕಂಪ್ಲಿಯಲ್ಲಿ ತುಂಗಭದ್ರೆಯ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ರೈತನೊಬ್ಬನ ಮಗಳಿಗೆ ಇಂಥ ಪತ್ರ ಬಂದಿತೆಂದು ಭಾವಿಸೋಣ. ಆಕೆಗೆ ಎಂಜಿನಿಯರಿಂಗ್ ಓದುವ ಆಸೆ. ಪತ್ರವನ್ನು ತಂದೆಗೆ ಓದಿ ಹೇಳುತ್ತಾಳೆ. ತಂದೆ ಕೇಳುವ ಪ್ರಶ್ನೆ ಒಂದೇ: “ಮೊದಲನೆಯ ವರ್ಷದ ಮಾತು ಇದರಲ್ಲಿದೆ ತಾಯಿ, ಉಳಿದ ಮೂರು ವರ್ಷದ ಮಾತು ಎಲ್ಲಿದೆ?”

“ಕೆಳಗೆ ಸಣ್ಣ ಅಕ್ಷರದಲ್ಲಿದೆ, ಅಪ್ಪಾ. ಪ್ರತಿ ವರ್ಷವೂ ಹತ್ತಕ್ಕೆ ಎಂಟೂವರೆ ಸರಾಸರಿ ಬಂದರೆ ಮಾತ್ರ ಮುಂದುವರಿಸುತ್ತಾರಂತೆ.”

ತಂದೆ ಮಗಳು ಕುಳಿತು ಲೆಕ್ಕ ಹಾಕತಕ್ಕದ್ದು ಇಲ್ಲಿಯೇ. ಬೋಧನಾ ಶುಲ್ಕ ವರ್ಷಕ್ಕೆ 4 ಲಕ್ಷ ರೂಪಾಯಿ, ಅದರಲ್ಲಿ ಅರ್ಧ ಮಾಫಿ, ವಸತಿ ಊಟಗಳಿಗೆ 1 ಲಕ್ಷ 50 ಸಾವಿರ ಎಂದು ಇಟ್ಟುಕೊಂಡರೆ ವರ್ಷದ ವೆಚ್ಚ 3 ಲಕ್ಷ 50 ಸಾವಿರ. ನಾಲ್ಕು ವರ್ಷಕ್ಕೆ 14 ಲಕ್ಷ. ರಿಯಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರ ಅನ್ವಯಿಸುತ್ತದೆಯೇ ಹೊರತು ಊಟಕ್ಕೂ ಕೊಠಡಿಗೂ ಅಲ್ಲವೆಂಬುದು ಇಲ್ಲಿಯೇ ಗೊತ್ತಾಗುತ್ತದೆ. ಮೊದಲ ವರ್ಷದ ಕೊನೆಯಲ್ಲಿ ಸರಾಸರಿ ಎಂಟಕ್ಕೆ ನಿಂತು ವೇತನ ತಪ್ಪಿತೆನ್ನೋಣ. ಉಳಿದ ಮೂರು ವರ್ಷ ವರ್ಷಕ್ಕೆ 5 ಲಕ್ಷ 50 ಸಾವಿರ ತೆರಬೇಕು. ಒಟ್ಟು ವೆಚ್ಚ 20 ಲಕ್ಷ. ಅರ್ಧ ಅಂಕದ ಬೆಲೆ 6 ಲಕ್ಷ ರೂಪಾಯಿ!

ಇನ್ನೊಂದು ಸೂಕ್ಷ್ಮವೂ ಉಂಟು. ಪತ್ರದಲ್ಲಿರುವುದು ಶೇಕಡಾ 50 ಎಂಬ ಮಾತೋ, 2 ಲಕ್ಷ ರೂಪಾಯಿ ಎಂಬ ಮಾತೋ? ಮೊದಲನೆಯ ವರ್ಷ ಎರಡೂ ಒಂದೇ. ಆದರೆ ಶುಲ್ಕ ವರ್ಷಕ್ಕೆ ಶೇಕಡಾ 10ರಂತೆ ಏರಿತೆಂದರೆ ನಾಲ್ಕು ವರ್ಷದ ಬೋಧನಾ ಶುಲ್ಕ 16 ಲಕ್ಷದ ಬದಲು 18 ಲಕ್ಷ 56 ಸಾವಿರ ದಾಟುತ್ತದೆ. ವೇತನ 2 ಲಕ್ಷದಲ್ಲಿಯೇ ನಿಂತಿದ್ದರೆ ಏರಿಕೆಯೆಲ್ಲವೂ ರೈತನ ಹೆಗಲಿಗೆ ಬೀಳುತ್ತದೆ.

ಎಂಟೂವರೆ ಸರಾಸರಿ ಜಾಣೆಗೆ ಕಷ್ಟವೆ ಎಂದು ಕೇಳಬಹುದು. ಕಂಪ್ಲಿಯ ಕಾಲೇಜಿಗೆ ಮೊದಲಿಗಳಾದವಳು ಬೆಂಗಳೂರಿನ ಆ ತರಗತಿಯಲ್ಲಿ ಕುಳಿತಾಗ ಅಕ್ಕಪಕ್ಕದಲ್ಲಿರುವವರೂ ತಂತಮ್ಮ ಊರಿಗೆ ಮೊದಲಿಗರೇ. ತರಗತಿಯ ಮೊದಲ ಹತ್ತನೆಯ ಒಂದು ಭಾಗಕ್ಕೆ ಮಾತ್ರ ವೇತನ ಮುಂದುವರಿಯುತ್ತದೆ ಎಂಬ ಷರತ್ತಿದ್ದರಂತೂ ಎಲ್ಲರೂ ಹಗಲಿರುಳು ಓದಿದರೂ ನೂರರಲ್ಲಿ ಹತ್ತು ಮಂದಿಗಿಂತ ಹೆಚ್ಚು ಜನ ಅದನ್ನು ಉಳಿಸಿಕೊಳ್ಳಲಾರರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ವಿದ್ಯಾರ್ಥಿಗೆ ಮೊದಲ ವರ್ಷವೇ ಎಲ್ಲಕ್ಕಿಂತ ಕಠಿಣ. ವಿಷಯ ತಿಳಿಯದೆ ಅಲ್ಲ. ತಿಳಿದದ್ದನ್ನು ಇಂಗ್ಲಿಷಿನಲ್ಲಿ ಬೇಗ ಬರೆಯುವ ರೂಢಿ ಬರಲು ಕಾಲ ಹಿಡಿಯುವುದರಿಂದ. ಮೂರನೆಯ ವರ್ಷದ ಹೊತ್ತಿಗೆ ಅಂಥವರು ಎಲ್ಲರನ್ನೂ ಮೀರಿಸಬಹುದು. ಆದರೆ ವೇತನದ ಕತ್ತಿ ತೂಗುವುದು ಮೊದಲನೆಯ ವರ್ಷದ ಮೇಲೆ. ಹೋಲಿಕೆಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವೊಂದನ್ನು ನೋಡಬಹುದು. ಪಿಯುಸಿಯಲ್ಲಿ ಮೇಲ್ಮಟ್ಟದ ಅಂಕ ಪಡೆದ, ಕುಟುಂಬದ ವಾರ್ಷಿಕ ಆದಾಯ 4 ಲಕ್ಷ 50 ಸಾವಿರ ರೂಪಾಯಿಗಳನ್ನು ಮೀರದ ವಿದ್ಯಾರ್ಥಿಗಳಿಗೆ ಅದು ಪದವಿಯ ಹಂತದಲ್ಲಿ ವರ್ಷಕ್ಕೆ 12 ಸಾವಿರ ರೂಪಾಯಿ ಕೊಡುತ್ತದೆ. ಮೊತ್ತ ಚಿಕ್ಕದು ನಿಜ. ಆದರೆ ಅದನ್ನು ಉಳಿಸಿಕೊಳ್ಳಲು ಬೇಕಾದದ್ದು ಶೇಕಡಾ 50 ಅಂಕ ಮತ್ತು ಶೇಕಡಾ 75 ಹಾಜರಿ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂಬುದನ್ನೂ ನೋಡಬೇಕು. ಕಂಪ್ಲಿಯಿಂದಲೂ ಸಂಡೂರಿನಿಂದಲೂ ಹೊಸಪೇಟೆಗೆ ಸುಮಾರು 30 ಕಿಲೋಮೀಟರ್. ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರಬಹುದು. ಹೊಸಪೇಟೆಯಲ್ಲಿ ಎಂಜಿನಿಯರಿಂಗ್ ಕಾಲೇಜೂ ಪದವಿ ಕಾಲೇಜುಗಳೂ ಇವೆ. ಬಳ್ಳಾರಿಯಲ್ಲಿ 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಸಂಡೂರಿನ ಬಳಿ ನಂದಿಹಳ್ಳಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರವಿದೆ. 1991ರಲ್ಲಿ ಹುಟ್ಟಿದ ಹಂಪೆಯ ಕನ್ನಡ ವಿಶ್ವವಿದ್ಯಾಲಯ ಭಾಷೆ, ಚರಿತ್ರೆಗಳ ಸಂಶೋಧನೆಗೆ ಮೀಸಲಾದದ್ದು. ಸಂವಿಧಾನದ 371 ಜೆ ವಿಧಿಯ ಫಲವಾಗಿ 2013ರಿಂದ ಈ ಪ್ರದೇಶದ ಸಂಸ್ಥೆಗಳಲ್ಲಿ ಸರ್ಕಾರ ಹಂಚುವ ಸೀಟುಗಳಲ್ಲಿ ಶೇಕಡಾ 70ರಷ್ಟು ಸ್ಥಳೀಯರಿಗೆ ಮೀಸಲು. ರಾಜ್ಯದ ಉಳಿದ ಕಡೆ ಶೇಕಡಾ 8. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ, ಹಂಪೆಗಳು ಅದಕ್ಕೆ ಸೇರಿ, ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿ ಉಳಿದರೂ ಈ ಸೌಲಭ್ಯ ಎರಡೂ ಕಡೆ ಇದೆ. ಹೊಸಪೇಟೆಯಲ್ಲಿ ಸಿಇಟಿಯ ಸೀಟು ಹಿಡಿದು, ಎಲ್ಲ ಸೇರಿ ವರ್ಷಕ್ಕೆ 1 ಲಕ್ಷ 20 ಸಾವಿರ ತಗಲುವುದೆಂದರೆ ನಾಲ್ಕು ವರ್ಷಕ್ಕೆ 4 ಲಕ್ಷ 80 ಸಾವಿರ. ಬೆಂಗಳೂರಿನ ರಿಯಾಯಿತಿಯ ಓದಿಗೂ ಇದಕ್ಕೂ ನಡುವಿನ ಅಂತರ 9 ಲಕ್ಷ 20 ಸಾವಿರ. ಇದು ಎಷ್ಟು ಬೆಳೆಯ ಹಣವೆಂಬುದನ್ನು ಆ ತಂದೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗೆಂದು ಊರು ಬಿಡಲೇಬಾರದೆಂದು ಅರ್ಥವಲ್ಲ. ಬಯಸಿದ ವಿಷಯ ಇಲ್ಲಿ ದೊರೆಯದಿರಬಹುದು. ಅಲ್ಲಿನ ಅಧ್ಯಾಪಕರು, ಪ್ರಯೋಗಶಾಲೆಗಳು, ಮುಂದಿನ ಉದ್ಯೋಗದ ದಾರಿ ಆ ಅಂತರದ ಬೆಲೆಗೆ ತಕ್ಕುವೇ ಆಗಿರಬಹುದು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿ ಬೆಂಗಳೂರಿನಲ್ಲಿ ಬೆಳಗು ಕಂಡು ಬಾಳನ್ನು ಹಸನು ಮಾಡಿಕೊಂಡವರು ಈ ಸೀಮೆಯಲ್ಲಿ ಕಡಮೆಯೇನಲ್ಲ. ವೇತನ ಒಂದು ವರ್ಷ ತಪ್ಪಿದರೂ ಓದು ನಿಲ್ಲದಷ್ಟು ಆಸರೆ ಮನೆಯಲ್ಲಿದ್ದರೆ ಹೋಗಬಹುದು. ಹೊಲವನ್ನು ಒತ್ತೆಯಿಟ್ಟು, ವೇತನ ಬಂದೇ ಬರುವುದೆಂಬ ಒಂದೇ ನಂಬಿಕೆಯ ಮೇಲೆ ಹೋಗುವುದು ತರವಲ್ಲ. ಸಾಲದ ಮಾತಿಗೆ ಬಂದರೆ, 2024ರಲ್ಲಿ ಒಪ್ಪಿಗೆ ಪಡೆದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆ ಒತ್ತೆಯಿಲ್ಲದೆ ಸಾಲ ಕೊಡಿಸುತ್ತದೆ. ಆದರೆ ಗುಣಮಟ್ಟದ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಪತ್ರ ಬರೆದ ವಿಶ್ವವಿದ್ಯಾಲಯ ಆ ಪಟ್ಟಿಯಲ್ಲಿದೆಯೆ ಎಂದು ನೋಡುವುದು ವಿಹಿತ.

ಕಂಪ್ಲಿಯ ಆ ಹುಡುಗಿ ವಿಶ್ವವಿದ್ಯಾಲಯಕ್ಕೆ ಮರುಪತ್ರ ಬರೆಯಬೇಕು. ವೇತನ ಎಷ್ಟು ವರ್ಷ, ಶುಲ್ಕ ಏರಿದರೆ ಅದೂ ಏರುವುದೆ, ಒಮ್ಮೆ ತಪ್ಪಿದರೆ ಅಂಕ ಸುಧಾರಿಸಿದಾಗ ಮರಳಿ ದೊರೆಯುವುದೆ, ಕಳೆದ ವರ್ಷ ಪಡೆದವರಲ್ಲಿ ಎಷ್ಟು ಮಂದಿ ಅದನ್ನು ಉಳಿಸಿಕೊಂಡರು ಎಂದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಬೇಕು. ದೂರವಾಣಿಯಲ್ಲಿ ಮಧುರವಾಗಿ ಮಾತನಾಡುವವರ ಭರವಸೆಗೆ ಸಾಕ್ಷಿಯಿರುವುದಿಲ್ಲ. ಮುಂಗಡದ ಗಡುವಿಗೆ ಹೆದರಬೇಕಾದದ್ದೂ ಇಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕೂ ಮೊದಲು ಸೀಟು ಬಿಟ್ಟವರಿಗೆ ಅಲ್ಪ ಕಚೇರಿವೆಚ್ಚವನ್ನು ಕಳೆದು ಶುಲ್ಕವೆಲ್ಲವನ್ನೂ ಹಿಂದಿರುಗಿಸತಕ್ಕದ್ದು. ಅಂಕಪಟ್ಟಿ ಮೊದಲಾದ ಮೂಲಪತ್ರಗಳನ್ನು ಸಂಸ್ಥೆ ತನ್ನಲ್ಲಿಯೇ ಇಟ್ಟುಕೊಳ್ಳುವಂತಿಲ್ಲ.