ಒದ್ದೆ ನಾಯಿ ಮೈ ಕೊಡವುವಾಗ: ಫ್ಲ್ಯಾಶ್ ಬಗ್ಗೆ ನಾವು ಬೆಳಕವಾಡಿಯಲ್ಲಿ ಕಲಿತ ಪಾಠ

ಹೋದ ರಜೆಯಲ್ಲಿ ನಾವು ನಾಲ್ಕು ಜನ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಗೆ ಹೋಗಿದ್ವಿ. ನಮ್ಮಲ್ಲೊಬ್ಬನ ಅಜ್ಜಿ ಮನೆ ಅಲ್ಲಿದೆ. ಪ್ಲಾನ್ ಇದ್ದಿದ್ದು ಗಗನಚುಕ್ಕಿ ಜಲಪಾತದ ಫೋಟೊ ತೆಗೆಯೋದು. ಅದಕ್ಕೇ ಅಂತ ಒಂದು ಕ್ಯಾಮೆರಾ, ಎರಡು ಫ್ಲ್ಯಾಶ್ ತಗೊಂಡು ಹೋಗಿದ್ವಿ. ಜಲಪಾತಕ್ಕೆ ಫ್ಲ್ಯಾಶ್ ಯಾಕೆ ಅಂತ ಕೇಳಬೇಡಿ, ಆಗ ನಮಗೆ ಅಷ್ಟು ಬುದ್ಧಿ ಇರಲಿಲ್ಲ.

ಆದರೆ ಮೂರು ದಿನ ಪೂರ್ತಿ ಹೋಗಿದ್ದು ಅಜ್ಜಿ ಮನೆ ಹಿತ್ತಲಲ್ಲೇ. ಕಾರಣ ಕರಿಯ. ಹನ್ನೆರಡು-ಹದಿಮೂರು ವರ್ಷದ ಕಪ್ಪು ನಾಯಿ, ಮೂತಿ ಎಲ್ಲ ಬೆಳ್ಳಗಾಗಿದೆ. ಕ್ಯಾಮೆರಾ ನೋಡಿದ ಅಜ್ಜಿ, "ಇದರ್ ಹಿಂದ್ಲು ನಾಯಿ ಹೋದಾಗ ಒಂದು ಪೋಟನೂ ಇರ್ನಿಲ್ಲ ಕನ್ರಪ್ಪ, ಇವುಂದಾರೂ ಒಂದು ತಗುದ್ಕೊಡಿ" ಅಂದ್ರು. ಅಷ್ಟೊತ್ತಿಗೆ ಕರಿಯ ತೊಟ್ಟಿಯಲ್ಲಿ ಮಿಂದು ಬಂದು ನಮ್ಮೆದುರಿಗೇ ಮೈ ಕೊಡವಿದ. ಬೇಸಿಗೆಯಲ್ಲಿ ಇದು ಅವನ ದಿನದ ಕೆಲಸ. ಸಂಜೆಯ ಬಿಸಿಲಲ್ಲಿ ನೀರು ಚಕ್ರದ ಹಾಗೆ ಸುತ್ತ ಹಾರಿತು. ಫೋಟೊ ಅಂದ್ರೆ ಇದೇ ಅಂತ ತೀರ್ಮಾನ ಮಾಡಿಬಿಟ್ವಿ.

ಒಂದು ವಿಷಯ ಮೊದಲೇ ಮಾತಾಡಿಕೊಂಡ್ವಿ. ವಯಸ್ಸಾದ ನಾಯಿ, ಸುಮ್ಮನೆ ಮತ್ತೆ ಮತ್ತೆ ನೆನೆಸೋ ಹಾಗಿಲ್ಲ. ದಿನಕ್ಕೆ ಒಂದೇ ಸ್ನಾನ. ಒಂದು ಸ್ನಾನಕ್ಕೆ ಅವನು ಎರಡು ಅಥವಾ ಮೂರು ಸಲ ಮೈ ಕೊಡವುತ್ತಾನೆ. ಅಂದ್ರೆ ನಮಗೆ ದಿನಕ್ಕೆ ಸಿಗೋ ಅವಕಾಶ ಅಷ್ಟೇ.

ಮೊದಲನೇ ದಿನ ಪೂರ್ತಿ ಕೆಟ್ಟಿತು. ಸಂಜೆ ನಾಲ್ಕು ಗಂಟೆಗೆ ತೆಂಗಿನ ಮರದ ನೆರಳಲ್ಲಿ, ಕ್ಯಾಮೆರಾ ಮೇಲೇ ಫ್ಲ್ಯಾಶ್ ಕೂರಿಸಿ, ಪವರ್ ಫುಲ್ ಇಟ್ವಿ. ವೇಗದ ವಸ್ತು ನಿಲ್ಲಿಸೋಕೆ ಜಾಸ್ತಿ ಬೆಳಕು ಬೇಕು ಅನ್ನೋದು ನಮ್ಮ ಲೆಕ್ಕ. ಶಟರ್ 1/200. ಮೊದಲ ಸಲ ಮೈ ಕೊಡವಿದಾಗ ಒಂದು ಫೋಟೊ ಬಂತು. ಮುಂದಿನದಕ್ಕೆ ಬಟನ್ ಒತ್ತಿದರೆ ಫ್ಲ್ಯಾಶ್ ಹೊಡೆಯಲಿಲ್ಲ, ಅದು ಮತ್ತೆ ಚಾರ್ಜ್ ಆಗೋಕೆ ನಾಲ್ಕೈದು ಸೆಕೆಂಡ್ ಬೇಕು. ಅಷ್ಟರಲ್ಲಿ ಕರಿಯನ ಕೊಡವಾಟ ಮುಗಿದಿತ್ತು. ಬಂದ ಒಂದು ಫೋಟೊದಲ್ಲಿ ನಾಯಿಗೆ ನಾಲ್ಕು ಕಿವಿ: ಎರಡು ಸ್ವಲ್ಪ ಗಟ್ಟಿ, ಎರಡು ಹೊಗೆ ಥರ. ಅದಕ್ಕಿಂತ ಬೇಜಾರಾಗಿದ್ದು ಬೇರೆ. ಆ ಬೆಳಕು ನೇರ ಮುಖಕ್ಕೆ ಹೊಡೆದಿದ್ದಕ್ಕೆ ಕರಿಯ ಬೆಚ್ಚಿ ಕೊಟ್ಟಿಗೆ ಸೇರಿದ. ರಾತ್ರಿ ಮುದ್ದೆ ಹಾಕಿದರೂ ನಾವು ಅಲ್ಲಿದ್ದಷ್ಟು ಹೊತ್ತು ಹೊರಗೆ ಬರಲಿಲ್ಲ. "ಬುಡ್ರಪ್ಪ, ಹೆದ್ರುಕಂಡದೆ ಮೂಕ್‌ಪ್ರಾಣಿ. ಪೋಟನೂ ಬ್ಯಾಡ, ಏನೂ ಬ್ಯಾಡ" ಅಂದ್ರು ಅಜ್ಜಿ. ಕೇಳಿದವರೇ ಬೇಡ ಅಂದಮೇಲೆ ಏನು ಮಾಡೋದು?

ಆ ರಾತ್ರಿ ಜಗಲಿ ಮೇಲೆ ಕೂತು ಲೆಕ್ಕ ಹಾಕಿದ್ವಿ. ಮೊದಲೇ ಹಾಕಬೇಕಿತ್ತು.

ನಾಯಿ ಮೈ ಕೊಡವೋದರ ಮೇಲೆ ನಿಜವಾದ ಸಂಶೋಧನೆ ಇದೆ. ಅಮೆರಿಕದ ಜಾರ್ಜಿಯಾ ಟೆಕ್‌ನ ಆಂಡ್ರ್ಯೂ ಡಿಕರ್ಸನ್, ಡೇವಿಡ್ ಹು ಮತ್ತು ಜೊತೆಯವರು ಇಲಿಯಿಂದ ಕರಡಿಯವರೆಗೆ ಬೇರೆ ಬೇರೆ ಪ್ರಾಣಿಗಳನ್ನು ಹೈ-ಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು 2012ರಲ್ಲಿ ಪ್ರಬಂಧ ಪ್ರಕಟಿಸಿದರು. ಪ್ರಾಣಿ ಚಿಕ್ಕದಾದಷ್ಟೂ ಜೋರಾಗಿ ಕೊಡವಬೇಕು. ಚಿಕ್ಕ ಇಲಿ ಸೆಕೆಂಡಿಗೆ ಸುಮಾರು 30 ಸಲ, ಲ್ಯಾಬ್ರಡಾರ್ ನಾಯಿ 4 ಚಿಲ್ಲರೆ ಸಲ, ಕರಡಿ ಸುಮಾರು 4 ಸಲ. ಕಾರಣ ನಮ್ಮ ಮೊದಲ ಸೆಮಿಸ್ಟರ್‌ನದ್ದೇ: ಹನಿಯನ್ನು ಕೂದಲಿಂದ ಬಿಡಿಸೋದು ಕೇಂದ್ರಾಭಿಮುಖ ವೇಗೋತ್ಕರ್ಷದ ಆಟ, ಅದು ತ್ರಿಜ್ಯದ ಮೇಲೂ ಆವರ್ತನದ ವರ್ಗದ ಮೇಲೂ ನಿಂತಿದೆ. ತ್ರಿಜ್ಯ ಕಡಿಮೆ ಇದ್ದರೆ ಆವರ್ತನದಲ್ಲಿ ತುಂಬಿಸಿಕೊಡಬೇಕು. ಇನ್ನೊಂದು ಮಜಾ ಅಂದ್ರೆ ನಾಯಿಯ ಸಡಿಲ ಚರ್ಮ. ಬೆನ್ನುಮೂಳೆ ಆ ಕಡೆ ಈ ಕಡೆ ಸುಮಾರು 30 ಡಿಗ್ರಿ ತಿರುಗಿದರೆ ಚರ್ಮ ಸುಮಾರು 90 ಡಿಗ್ರಿ ತಿರುಗುತ್ತೆ. ಸೆಕೆಂಡಿನ ಒಂದು ಭಾಗದಲ್ಲೇ ಮೈಮೇಲಿನ ನೀರಿನಲ್ಲಿ ನೂರಕ್ಕೆ 70ರಷ್ಟು ಹೊರಗೆ ಹೋಗುತ್ತಂತೆ.

ಇದು ಬರೀ ತಮಾಷೆಯ ಚೇಷ್ಟೆ ಅಲ್ಲ. ಅರ್ಧ ಲೀಟರ್ ನೀರು ಮೈಮೇಲೇ ಆವಿಯಾಗಬೇಕು ಅಂದ್ರೆ ಸುಮಾರು 1.2 ಮೆಗಾಜೂಲ್ ಶಾಖ ಬೇಕು, ಅಂದ್ರೆ ಹತ್ತಿರ ಹತ್ತಿರ 290 ಕಿಲೋಕ್ಯಾಲರಿ. ಅದರಲ್ಲಿ ನಾಯಿಯ ಮೈಯಿಂದ ಹೋಗೋದು ಒಂದು ಪಾಲು ಅಂತಿಟ್ಟುಕೊಂಡರೂ, ತಿಂದ ಮುದ್ದೆಯಲ್ಲಿ ಎಷ್ಟೋ ಭಾಗ ಒಣಗೋಕೇ ಖರ್ಚು.

ಕರಿಯನ ಲೆಕ್ಕ ನಾವೇ ತೆಗೆದ್ವಿ. ಫೋನಿನ ಸ್ಲೋ ಮೋಷನ್ ಸೆಕೆಂಡಿಗೆ 240 ಫ್ರೇಮ್. ಮೊದಲ ದಿನ ಒಬ್ಬ ಪಕ್ಕದಲ್ಲಿ ನಿಂತು ವಿಡಿಯೋ ಮಾಡಿದ್ದ, ಪುಣ್ಯ. ತಲೆ ಒಂದು ಕಡೆಗೆ ಹೋಗಿ ವಾಪಸ್ ಅದೇ ಜಾಗಕ್ಕೆ ಬರೋಕೆ 48 ಫ್ರೇಮ್. ಅಂದ್ರೆ ಆವರ್ತನ 5 ಹರ್ಟ್ಸ್. ಎದೆಯ ಸುತ್ತಳತೆ ಅಜ್ಜಿಯೇ ದಾರದಲ್ಲಿ ಅಳೆದು ಕೊಟ್ರು (ನಮ್ಮನ್ನ ಹತ್ರ ಬಿಡ್ತಿರಲಿಲ್ಲ ಅವನು): 63 ಸೆಂ.ಮೀ. ತ್ರಿಜ್ಯ 10 ಸೆಂ.ಮೀ. ಚರ್ಮ 90 ಡಿಗ್ರಿ, ಅಂದ್ರೆ 1.57 ರೇಡಿಯನ್, ಆ ಕಡೆ ಈ ಕಡೆ ತೂಗುತ್ತೆ ಅಂದುಕೊಂಡು ಸರಳ ಸಂಗತ ಚಲನೆ ಹಾಕಿದರೆ ಗರಿಷ್ಠ ವೇಗ 2π × 5 × 1.57 × 0.1, ಸುಮಾರು 5 ಮೀಟರ್ ಪ್ರತಿ ಸೆಕೆಂಡ್. ಗರಿಷ್ಠ ಕೇಂದ್ರಾಭಿಮುಖ ವೇಗೋತ್ಕರ್ಷ ಗುರುತ್ವದ ಸುಮಾರು 25 ಪಟ್ಟು. ಹನ್ನೆರಡು ವರ್ಷದ ಮುದುಕ ಇದು, ನೆನಪಿರಲಿ.

ಈಗ ಫೋಟೊ ಕಡೆ ಬರೋಣ. ನಮ್ಮ ಫ್ರೇಮ್‌ನ ಅಗಲ ನಾಯಿ ಇರೋ ಜಾಗದಲ್ಲಿ 1.2 ಮೀಟರ್, ಸೆನ್ಸರ್ ಅಗಲಕ್ಕೆ 6000 ಪಿಕ್ಸೆಲ್. ಅಂದ್ರೆ ಒಂದು ಪಿಕ್ಸೆಲ್ ಅಂದ್ರೆ 0.2 ಮಿ.ಮೀ. ಶಟರ್ 1/200 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಹನಿ 25 ಮಿ.ಮೀ. ಓಡಿರುತ್ತೆ: 125 ಪಿಕ್ಸೆಲ್ ಉದ್ದದ ಗೆರೆ. ಹೊಗೆ ಥರದ ಎರಡು ಕಿವಿ ಬಂದಿದ್ದು ಇದರಿಂದ. ನಾಲ್ಕು ಗಂಟೆಯ ನೆರಳಲ್ಲೂ ಸಾಕಷ್ಟು ಬೆಳಕಿತ್ತು. ಶಟರ್ ತೆರೆದಿದ್ದಷ್ಟು ಹೊತ್ತೂ ಆ ಬೆಳಕು ತನ್ನದೇ ಒಂದು ನಾಯಿ ಬರೆಯಿತು, ಫ್ಲ್ಯಾಶ್ ಅದರ ಮೇಲೆ ಇನ್ನೊಂದು ನಾಯಿ ಬರೆಯಿತು.

ಶಟರನ್ನೇ 1/2000 ಮಾಡಬಾರದಾ ಅಂತ ನಮ್ಮಲ್ಲೊಬ್ಬ ಕೇಳಿದ. ಹೆಚ್ಚಿನ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಜೊತೆ ಶಟರ್ 1/200 ಅಥವಾ 1/250 ದಾಟಲ್ಲ. ಅದಕ್ಕಿಂತ ವೇಗದಲ್ಲಿ ಎರಡು ಪರದೆಗಳ ನಡುವೆ ಬರೀ ಒಂದು ಸಂದು ಸೆನ್ಸರ್ ಮೇಲೆ ಹಾದುಹೋಗುತ್ತೆ, ಪೂರ್ತಿ ಸೆನ್ಸರ್ ಒಟ್ಟಿಗೆ ತೆರೆದಿರೋ ಕ್ಷಣವೇ ಇರಲ್ಲ. ಹೈ-ಸ್ಪೀಡ್ ಸಿಂಕ್ ಅನ್ನೋ ಮೋಡ್ ಇದೆ, ಆದರೆ ಅದರಲ್ಲಿ ಫ್ಲ್ಯಾಶ್ ಒಂದೇ ಮಿಂಚಿನ ಬದಲು ಪಟಪಟ ಅಂತ ಸಣ್ಣ ಮಿಂಚುಗಳನ್ನು ಹೊಡೆಯುತ್ತಾ ಹೋಗುತ್ತೆ. ಬೆಳಕೂ ಕಮ್ಮಿ, ನಿಲ್ಲಿಸೋ ಕೆಲಸ ಮತ್ತೆ ಶಟರ್‌ದೇ. 1/2000ದಲ್ಲೂ ಹನಿ 12 ಪಿಕ್ಸೆಲ್ ಓಡುತ್ತೆ. ಹೆಸರು ಕೇಳಿ ಮೋಸ ಹೋಗಬೇಡಿ.

ಹಾಗಾದರೆ ಹನಿಯನ್ನ ನಿಲ್ಲಿಸೋದು ಯಾರು? ಫ್ಲ್ಯಾಶ್ ಉರಿಯೋ ಅವಧಿ. ಸುತ್ತ ಕತ್ತಲಿದ್ದರೆ ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಸೆನ್ಸರ್‌ಗೆ ಕಾಣೋದು ಫ್ಲ್ಯಾಶ್ ಉರಿದ ಅಷ್ಟು ಹೊತ್ತು ಮಾತ್ರ. ಎಂಐಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪಾಠ ಮಾಡ್ತಿದ್ದ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಿಂದಲೇ ಇದನ್ನ ಹಿಡಿದುಕೊಂಡಿದ್ದರು. ಹಾಲಿನ ಹನಿ ಬಿದ್ದು ಕಿರೀಟದ ಹಾಗೆ ಏಳೋ 1957ರ ಬಣ್ಣದ ಫೋಟೊ ನೀವೂ ನೋಡಿರ್ತೀರಿ, ಅದು ಅವರದ್ದು.

ನಾವು ಎಡವಿದ್ದು ಇಲ್ಲಿ. ಫ್ಲ್ಯಾಶ್ ಒಳಗೆ ಒಂದು ಕೆಪಾಸಿಟರ್ ಇರುತ್ತೆ, ಸಾಮಾನ್ಯವಾಗಿ 300 ವೋಲ್ಟ್ ಆಸುಪಾಸು, ಸಾವಿರ ಮೈಕ್ರೋಫ್ಯಾರಡ್ ಅಂತ ಇಟ್ಟುಕೊಳ್ಳಿ. ½CV² ಹಾಕಿದರೆ 45 ಜೂಲ್. ಅದು ಕ್ಸೆನಾನ್ ಟ್ಯೂಬ್ ಮೂಲಕ ಖಾಲಿಯಾಗುತ್ತೆ. ಫುಲ್ ಪವರ್ ಅಂದ್ರೆ ಪೂರ್ತಿ ಖಾಲಿಯಾಗೋಕೆ ಬಿಡೋದು. ಅರ್ಧ, ಕಾಲು, 1/32 ಅಂತ ಇಳಿಸಿದಾಗ ಬೆಳಕಿನ ತೀವ್ರತೆ ಅಷ್ಟಾಗಿ ಇಳಿಯೋದಿಲ್ಲ. ಒಳಗಿರೋ ಐಜಿಬಿಟಿ ಸ್ವಿಚ್ ಮಧ್ಯದಲ್ಲೇ ಕರೆಂಟ್ ಕತ್ತರಿಸಿಬಿಡುತ್ತೆ, ಅಷ್ಟೇ. ಪವರ್ ಇಳಿದಷ್ಟೂ ಮಿಂಚು ಚಿಕ್ಕದು. ನಿಕಾನ್ ಎಸ್‌ಬಿ-910ರ ಅಂಕಿ ನೋಡಿ: ಫುಲ್ ಪವರ್‌ನಲ್ಲಿ 1/880 ಸೆಕೆಂಡ್, 1/16ರಲ್ಲಿ 1/10000, 1/32ರಲ್ಲಿ 1/20000, 1/128ರಲ್ಲಿ 1/38500. ಕರಿಯನ 5 ಮೀಟರ್ ವೇಗಕ್ಕೆ ಇದನ್ನ ಹೊಂದಿಸಿದರೆ ಫುಲ್ ಪವರ್‌ನಲ್ಲಿ ಹನಿ 28 ಪಿಕ್ಸೆಲ್ ಓಡುತ್ತೆ, 1/32ರಲ್ಲಿ ಒಂದು ಪಿಕ್ಸೆಲ್ ಚಿಲ್ಲರೆ. ಅದೂ ಅಲ್ಲದೆ ಫುಲ್ ಪವರ್‌ನಲ್ಲಿ ಬೆಳಕು ಥಟ್ಟಂತ ನಿಲ್ಲಲ್ಲ, ಬಾಲದ ಹಾಗೆ ಎಳೆದುಕೊಂಡು ಆರುತ್ತೆ. ಹಾಗಾಗಿ ನಿಜವಾದ ಮಸುಕು ಈ 28ಕ್ಕಿಂತ ಜಾಸ್ತಿ.

(ಎಚ್ಚರ: ಇದು ಕ್ಯಾಮೆರಾ ಮೇಲೆ ಕೂರೋ ಸಣ್ಣ ಫ್ಲ್ಯಾಶ್‌ಗಳ ಮಾತು. ಸ್ಟುಡಿಯೋದ ಹಳೇ ದೊಡ್ಡ ಲೈಟುಗಳಲ್ಲಿ ಪವರ್ ಇಳಿಸೋದು ವೋಲ್ಟೇಜ್ ಇಳಿಸಿ. ಅಲ್ಲಿ ಪವರ್ ಕಮ್ಮಿ ಮಾಡಿದರೆ ಅವಧಿ ಉದ್ದವಾಗೋದೂ ಉಂಟು. ಮತ್ತೆ, ಬ್ಯಾಟರಿ ತೆಗೆದರೂ ಆ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ. ಲ್ಯಾಬ್ ಹುಮ್ಮಸ್ಸಿನಲ್ಲಿ ಫ್ಲ್ಯಾಶ್ ಬಿಚ್ಚೋಕೆ ಹೋಗಬೇಡಿ.)

ಅಂದ್ರೆ ಪವರ್ ಇಳಿಸಿದರೆ ಚಿತ್ರ ಚುರುಕು, ಚಾರ್ಜ್ ಆಗೋಕೆ ಕಾಯೋ ಹಾಗಿಲ್ಲ, ನಾಯಿಯ ಕಣ್ಣಿಗೆ ಹೋಗೋ ಬೆಳಕೂ ಮೂವತ್ತರಲ್ಲಿ ಒಂದು ಪಾಲು. ನಾವು ಮಾಡಿದ್ದೆಲ್ಲ ಇದರ ಉಲ್ಟಾ.

ಎರಡನೇ ದಿನ ಒಂದೂ ಫೋಟೊ ತೆಗೆಯಲಿಲ್ಲ. ಅಜ್ಜಿ ಹತ್ರ ಕ್ಷಮೆ ಕೇಳಿ, ಕರಿಯನ ಪಕ್ಕ ಕೂತು ಬಿಸ್ಕತ್ತು ಹಾಕ್ತಾ, ಫ್ಲ್ಯಾಶನ್ನ ಅವನಿಂದ ದೂರಕ್ಕೆ, ಗೋಡೆ ಕಡೆ ತಿರುಗಿಸಿ 1/128ರಲ್ಲಿ ಆಗಾಗ ಹೊಡೆದ್ವಿ. ಮೊದಲ ಎರಡು ಸಲ ಕಿವಿ ನಿಮಿರಿತು. ಆಮೇಲೆ ಬಿಸ್ಕತ್ತಿನ ಕಡೆಗೇ ಗಮನ. ಅವನು ಎದ್ದು ಹೋದ ಕೂಡಲೇ ನಾವೂ ನಿಲ್ಲಿಸಿದ್ವಿ. ಸಂಜೆ ಅಜ್ಜಿ ತಾವಾಗೇ, "ನಾಳಿಕ್ ಒಂದ್ ಕಿತ ನೋಡಿ, ಹೆದ್ರುದ್ರೆ ನಿಲ್ಸ್‌ಬುಡಬೇಕು" ಅಂದ್ರು.

ಮೂರನೇ ದಿನ ಹೊತ್ತು ಮುಳುಗಿದ ಮೇಲೆ ಶುರು ಮಾಡಿದ್ವಿ. ಕರಿಯ ಮೈ ಕೊಡವೋದು ಯಾವಾಗಲೂ ಬಟ್ಟೆ ಒಗೆಯೋ ಕಲ್ಲಿನ ಪಕ್ಕ, ಆ ಜಾಗಕ್ಕೆ ಫೋಕಸ್ ಕೈಯಲ್ಲೇ ಮಾಡಿ ಬಿಟ್ವಿ. 50 ಎಂಎಂ ಲೆನ್ಸ್, 2.7 ಮೀಟರ್ ದೂರ, ಎಫ್/8. ಈ ಲೆಕ್ಕಕ್ಕೆ ಮುಂದೆ ಹಿಂದೆ ಸೇರಿ ಮುಕ್ಕಾಲು ಮೀಟರ್‌ಗಿಂತ ಜಾಸ್ತಿ ಜಾಗ ಸ್ಪಷ್ಟವಾಗಿರುತ್ತೆ. ಶಟರ್ 1/200, ಐಎಸ್‌ಒ 400. ಫ್ಲ್ಯಾಶ್ ಇಲ್ಲದೆ ಒಂದು ಫೋಟೊ ತೆಗೆದು ನೋಡಿದ್ವಿ, ಪೂರ್ತಿ ಕಪ್ಪು. ಅದೇ ಬೇಕಾಗಿದ್ದು. ಈ ಪರೀಕ್ಷೆ ಮಾತ್ರ ತಪ್ಪಿಸಬೇಡಿ, ನಾಯಿ ಆಕಾರ ಸ್ವಲ್ಪ ಕಂಡರೂ ಇನ್ನೊಂದರ್ಧ ಗಂಟೆ ಕಾಯಿರಿ.

ಕಪ್ಪು ನಾಯಿಗೆ ಎದುರಿಂದ ಬೆಳಕು ಹೊಡೆದರೆ ಕಪ್ಪು ಗುಡ್ಡೆ ಅಷ್ಟೇ ಬರೋದು, ಹನಿಗಳೂ ಎದ್ದು ಕಾಣಲ್ಲ. ನೀರು ಹೊಳೆಯೋದು ಬೆಳಕು ಹಿಂದಿನಿಂದ ಬಂದು ಹನಿಯೊಳಗೆ ಬಾಗಿ ನಮ್ಮ ಕಡೆ ಬಂದಾಗ. ಅದಕ್ಕೆ ಮುಖ್ಯ ಫ್ಲ್ಯಾಶನ್ನ ನಾಯಿಯ ಹಿಂದೆ ಬಲಗಡೆ, 1.5 ಮೀಟರ್ ದೂರದಲ್ಲಿ ಇಟ್ವಿ, ಪವರ್ 1/32. ಗೈಡ್ ನಂಬರ್ 34 ಇರೋ ಫ್ಲ್ಯಾಶ್ 1/32ಕ್ಕೆ ಇಳಿದರೆ 6 ಆಗುತ್ತೆ, ಐಎಸ್‌ಒ 400ರಲ್ಲಿ 12, ಅದನ್ನ 1.5ರಿಂದ ಭಾಗಿಸಿದರೆ ಸರಿಯಾಗಿ ಎಫ್/8. ಲೆನ್ಸ್‌ಗೆ ನೇರ ಬೆಳಕು ಬೀಳದ ಹಾಗೆ ರಟ್ಟಿನ ತುಂಡು ಅಡ್ಡ ಕಟ್ಟಿದ್ವಿ. ಎರಡನೆಯದು ಎಡಗಡೆ, ಥರ್ಮಾಕೋಲ್ ಹಾಳೆಗೆ ಹೊಡೆದು ವಾಪಸ್ ಬರೋ ಮೆತ್ತನೆ ಬೆಳಕು, 1/16. ಇದರಲ್ಲಿ ಮಸುಕು ಎರಡು-ಮೂರು ಪಿಕ್ಸೆಲ್, ಆದರೆ ಇದರ ಕೆಲಸ ಮುಖ ತೋರಿಸೋದು ಮಾತ್ರ. ಹಿಂದಿದ್ದ ಕೊಟ್ಟಿಗೆ ದೂರ ಇದ್ದಿದ್ದರಿಂದ ಅಲ್ಲಿಗೆ ಬೆಳಕು ತಲುಪಲಿಲ್ಲ, ಹಿನ್ನೆಲೆ ತಾನಾಗೇ ಕಪ್ಪಾಯ್ತು: ದೂರದ ವರ್ಗದ ನಿಯಮ. ಎರಡೂ ಫ್ಲ್ಯಾಶ್‌ಗೆ, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿದ್ದೆವು.

ಸಿದ್ಧ ಮಾಡೋ ಹೊತ್ತಿಗೆ ಊರಲ್ಲಿ ಕರೆಂಟ್ ಹೋಯ್ತು. ಹತ್ತಿರದ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟ ಸೀಮೆ, ಹೆಸರಲ್ಲೇ ಬೆಳಕು ಇಟ್ಟುಕೊಂಡ ಊರು. ನಮಗಂತೂ ಒಳ್ಳೇದೇ ಆಯ್ತು.

ಬಿಸಿಲಿಗೆ ಕಾದಿದ್ದ ನೀರನ್ನ ಅಜ್ಜಿಯೇ ಚೊಂಬಿನಲ್ಲಿ ಹುಯ್ದರು. "ಕತ್ತಿನ್ ಮ್ಯಾಲೆ ಬಿದ್ರೆ ಸಾಕು, ಒದರ್ತನೆ" ಅಂತ ಅವರಿಗೆ ಮೊದಲೇ ಗೊತ್ತು. 2024ರಲ್ಲಿ ಹಾರ್ವರ್ಡ್‌ನವರು ಇಲಿಗಳ ಕತ್ತಿನ ಹಿಂದೆ ಎಣ್ಣೆ ಹನಿ ಬಿಟ್ಟು, ಮೈ ಕೊಡವೋ ಚಟವನ್ನ ಎಬ್ಬಿಸೋ ಸ್ಪರ್ಶದ ನರ ಯಾವುದು ಅಂತ ಕಂಡುಹಿಡಿದಿದ್ದಾರೆ. ಅಜ್ಜಿ ಚೊಂಬಲ್ಲೇ ಆ ಪಾಠ ಇತ್ತು. ಇನ್ನೊಂದು ಸೂಚನೆ ನಾವೇ ವಿಡಿಯೋದಲ್ಲಿ ನೋಡಿಕೊಂಡಿದ್ವಿ: ಕೊಡವೋ ಮುಂಚೆ ಕರಿಯ ಕಾಲು ಅಗಲ ಮಾಡಿ ತಲೆ ತಗ್ಗಿಸ್ತಾನೆ. ಅಲೆ ತಲೆಯಿಂದ ಶುರುವಾಗಿ ಬಾಲಕ್ಕೆ ಹೋಗುತ್ತೆ. ತಲೆ ತಗ್ಗಿಸಿದ ತಕ್ಷಣ ಬಟನ್ ಒತ್ತಿ ಹಿಡಿದರೆ ಸರಿಹೋಗುತ್ತೆ.

ಮೂರು ಸಲ ಕೊಡವಿದ, ಹತ್ತೊಂಬತ್ತು ಫೋಟೊ ಬಂತು. ಬೆಚ್ಚಲಿಲ್ಲ. ಮುಗಿದ ಮೇಲೆ ಅಜ್ಜಿ ಹಳೇ ಪಂಚೆಯಲ್ಲಿ ಒರೆಸಿ, ಒಲೆ ಹತ್ರ ಮಲಗಿಸಿದರು. ಒಂಬತ್ತನೇ ಫೋಟೊದಲ್ಲಿ ಎರಡೂ ಕಿವಿ ತಲೆ ಮೇಲೆ, ತುಟಿ ಒಂದು ಕಡೆ ಜೋತು, ಕತ್ತಿನ ಸುತ್ತ ಹನಿಗಳು ಎಣಿಸೋ ಹಾಗೆ ನಿಂತಿದ್ದವು. ಜೂಮ್ ಮಾಡಿ ನೋಡಿ ನಾವು ಕುಣಿದಾಡಿದ್ವಿ.

ಅಜ್ಜಿಗೆ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದ್ರೆ ಸ್ವಲ್ಪ ಹೊತ್ತು ನೋಡಿ, "ಕಣ್ಣೇ ಮುಚ್ಕಂಡವ್ನಲ್ಲ, ಇದ್ರಲ್ಲಿ ನಮ್ ಕರಿಯ ಎಲ್ಲವ್ನೆ?" ಅಂದ್ರು. ನಿಜ, ಮೈ ಕೊಡವೋವಾಗ ಅವನು ಕಣ್ಣು ಗಟ್ಟಿ ಮುಚ್ಚಿರ್ತಾನೆ. ಅವರು ಆರಿಸಿದ್ದು ಕೊನೆಯದನ್ನ. ಕೊಡವಾಟ ಮುಗಿದು, ಕೂದಲೆಲ್ಲ ಮುಳ್ಳಿನ ಹಾಗೆ ನಿಂತು, ಇನ್ನೊಂದು ಬಿಸ್ಕತ್ತು ಇದೆಯಾ ಅಂತ ನಮ್ಮ ಕಡೆ ನೋಡ್ತಿರೋದು. ಮೂತಿಯ ಬಿಳಿ ಕೂದಲು ಒಂದೊಂದೂ ಕಾಣುತ್ತೆ, ಹಿಂದೆ ಎರಡೇ ಎರಡು ಹನಿ. ಮಳವಳ್ಳಿಯಲ್ಲಿ ಪ್ರಿಂಟ್ ಹಾಕಿಸಿ, ಫ್ರೇಮ್ ಮಾಡಿಸಿ ಕಳಿಸಿಕೊಟ್ವಿ. ಒಂಬತ್ತನೆಯದು ನಮ್ಮ ಹಾಸ್ಟೆಲ್ ರೂಮಿನ ಬಾಗಿಲ ಮೇಲಿದೆ, ಬಂದು ನೋಡಬಹುದು.